‘ಕ್ರಾಯ್’: ಅಂಚು ನಾಡಾದ ಬಗೆ

ಸರ್ಬಿಯಾದ ಹಳೆಯ ಚಲನಚಿತ್ರವೊಂದು ಮುಗಿದಾಗ ತೆರೆಯ ಮೇಲೆ ‘ಕ್ರಾಯ್’ ಎಂಬ ಪದ ಮೂಡುತ್ತದೆ. ಅಲ್ಲಿ ಅದರ ಅರ್ಥ ‘ಮುಕ್ತಾಯ’. ಅದೇ ಪದವನ್ನು ಪೋಲೆಂಡಿನವರು ನುಡಿದರೆ ಅದು ‘ದೇಶ’. ಸ್ಲೊವೇನಿಯದವರು ನುಡಿದರೆ ‘ಊರು, ಸ್ಥಳ’. ಜೆಕ್ ಮತ್ತು ಸ್ಲೊವಾಕ್ ಜನರಿಗೆ ಅದು ಆಡಳಿತದ ಒಂದು ‘ಪ್ರಾಂತ’. ರಷ್ಯನ್ ಭಾಷೆಯಲ್ಲಿ ಲೋಟದ ಅಂಚನ್ನೂ, ಹುಟ್ಟಿ ಬೆಳೆದ ಸೀಮೆಯನ್ನೂ ಈ ಒಂದೇ ಪದ ಹೇಳುತ್ತದೆ. ಒಂದೇ ಮೂಲದಿಂದ ಬಂದು, ಉಚ್ಚಾರದಲ್ಲಿಯೂ ಹೆಚ್ಚು ಬದಲಾಗದೆ ಉಳಿದಿರುವ ಈ ಏಕಾಕ್ಷರ ಪದ ‘ಕೊನೆ’ ಎಂಬಲ್ಲಿಂದ ‘ತಾಯ್ನಾಡು’ ಎಂಬಲ್ಲಿಯವರೆಗೆ ಹೇಗೆ ಹರಡಿತು? ಅರ್ಥಪಲ್ಲಟವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಗಡಿನಾಡಿನಲ್ಲಿ ಕುಳಿತು ಕನ್ನಡ ಓದುವವರಿಗಂತೂ ಈ ಪದದ ಚರಿತ್ರೆ ದೂರದ ಕಥೆಯಲ್ಲ.

ಒಂದು ಕುಟುಂಬ, ಒಂದು ಪದ

ಸ್ಲಾವಿಕ್ ಭಾಷೆಗಳು ಇಂಡೋ-ಯುರೋಪಿಯನ್ ಕುಟುಂಬದ ಒಂದು ದೊಡ್ಡ ಶಾಖೆ. ಪೂರ್ವದಲ್ಲಿ ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್. ಪಶ್ಚಿಮದಲ್ಲಿ ಪೋಲಿಷ್, ಜೆಕ್, ಸ್ಲೊವಾಕ್ ಹಾಗೂ ಜರ್ಮನಿಯ ಪೂರ್ವಭಾಗದಲ್ಲಿ ಉಳಿದಿರುವ ಸೋರ್ಬಿಯನ್. ದಕ್ಷಿಣದಲ್ಲಿ ಸ್ಲೊವೀನ್, ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಮ್ಯಾಸಿಡೋನಿಯನ್, ಬಲ್ಗೇರಿಯನ್. ಈ ನುಡಿಗಳೆಲ್ಲ ಒಡೆದು ಬೇರೆಯಾಗುವ ಮೊದಲು ಇದ್ದ ಸಾಮಾನ್ಯ ರೂಪವನ್ನು ವಿದ್ವಾಂಸರು ಮೂಲಸ್ಲಾವಿಕ್ ಎಂದು ಕರೆಯುತ್ತಾರೆ. ಮೂಲದ್ರಾವಿಡದಂತೆ ಅದೂ ಬರಹದಲ್ಲಿ ಸಿಕ್ಕಿರುವುದಲ್ಲ. ಜ್ಞಾತಿಪದಗಳನ್ನು ಹೋಲಿಸಿ ಪುನಾರಚಿಸಿಕೊಂಡಿರುವುದು.

ಬರಹದಲ್ಲಿ ದೊರೆಯುವ ಅತ್ಯಂತ ಹಳೆಯ ಸ್ಲಾವಿಕ್ ರೂಪವೆಂದರೆ ಪ್ರಾಚೀನ ಚರ್ಚ್ ಸ್ಲಾವೊನಿಕ್. ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸೋದರರು 863ರ ಸುಮಾರಿಗೆ ಮೊರಾವಿಯಾಕ್ಕೆ ಹೋಗಿ ಧರ್ಮಗ್ರಂಥಗಳನ್ನು ಸ್ಲಾವಿಕ್ ನುಡಿಗೆ ತಂದದ್ದು ಅದರ ಆರಂಭ. ಆ ಭಾಷೆಯಲ್ಲಿ ‘ಕ್ರಾಯ್’ ಪದಕ್ಕಿದ್ದ ಮುಖ್ಯ ಅರ್ಥಗಳು ‘ಅಂಚು’ ಮತ್ತು ‘ದಡ’. ಇಂದು ಬೇರೆ ಬೇರೆ ಭಾಷೆಗಳಲ್ಲಿ ಕಾಣುವ ‘ಕೊನೆ’, ‘ಪ್ರಾಂತ’, ‘ದೇಶ’ ಎಂಬ ಅರ್ಥಗಳೆಲ್ಲ ಈ ಅಂಚಿನಿಂದ ಹೊರಟ ಕವಲುಗಳು.

ಕತ್ತರಿಯಿಂದ ಹುಟ್ಟಿದ ಪದ

ಅಂಚಿಗೂ ಹಿಂದೆ ಇನ್ನೊಂದು ಮೆಟ್ಟಿಲಿದೆ. ರಷ್ಯನ್ ಭಾಷೆಯಲ್ಲಿ ‘ಕ್ರೊಯಿತ್’ ಎಂದರೆ ಬಟ್ಟೆಯನ್ನು ಅಳತೆಗೆ ಕತ್ತರಿಸುವುದು. ಪೋಲಿಷ್ ಭಾಷೆಯಲ್ಲಿ ರೊಟ್ಟಿ ಕೊಯ್ಯುವುದೂ ಬಟ್ಟೆ ಕತ್ತರಿಸುವುದೂ ಈ ಧಾತುವಿನಿಂದಲೇ. ಜೆಕ್ ಭಾಷೆಯ ‘ಕ್ರಾಯೆತ್’ ಎಂದರೆ ಹೋಳು ಮಾಡುವುದು, ‘ಕ್ರಾಯೀತ್ಸ್’ ಎಂದರೆ ರೊಟ್ಟಿಯ ಒಂದು ಹೋಳು. ಸರ್ಬಿಯನ್ ಭಾಷೆಯಲ್ಲಿ ದರ್ಜಿಗೆ ‘ಕ್ರೊಯಾಚ್’ ಎನ್ನುತ್ತಾರೆ, ಅಂದರೆ ಕತ್ತರಿಸುವವನು. ‘ಕ್ರಾಯ್’ ಎಂಬುದು ಈ ಧಾತುವಿನ ನಾಮರೂಪ. ಕತ್ತರಿ ಹಾದುಹೋದ ಗೆರೆಯೇ ‘ಕ್ರಾಯ್’. ಆ ಗೆರೆಯಲ್ಲಿ ಬಟ್ಟೆ ಮುಗಿಯುತ್ತದೆ.

‘ಕ್ರೊಯ್’ ಮತ್ತು ‘ಕ್ರಾಯ್’ ಇವುಗಳ ನಡುವಿನ ಸ್ವರಭೇದ ಸಂಸ್ಕೃತದ ಗುಣ-ವೃದ್ಧಿಗಳನ್ನು ಬಲ್ಲವರಿಗೆ ಹೊಸದಲ್ಲ. ಮೂಲ ಇಂಡೋ-ಯುರೋಪಿಯನ್ನಿನ ಹ್ರಸ್ವ ‘ಒ’ಕಾರ ಸ್ಲಾವಿಕ್‌ನಲ್ಲಿ ‘ಒ’ ಆಗಿಯೇ ಉಳಿಯಿತು. ದೀರ್ಘ ‘ಓ’ಕಾರ ‘ಆ’ ಆಯಿತು. ಒಂದೇ ಧಾತು ಹ್ರಸ್ವಸ್ವರದೊಡನೆ ಕ್ರಿಯಾಪದವನ್ನೂ, ದೀರ್ಘಸ್ವರದೊಡನೆ ನಾಮಪದವನ್ನೂ ಕೊಟ್ಟಿತು. ಇನ್ನೂ ಹಿಂದಕ್ಕೆ ಹೋದರೆ, ಇದೇ ಧಾತುವಿಗೆ ಗ್ರೀಕಿನ ‘ಕ್ರಿನೋ’ (ಬೇರ್ಪಡಿಸು, ತೀರ್ಮಾನಿಸು), ಲ್ಯಾಟಿನ್ನಿನ ‘ಕೆರ್ನೊ’ (ಜರಡಿ ಹಿಡಿ, ಬೇರ್ಪಡಿಸಿ ನೋಡು) ಪದಗಳು ನೆಂಟರೆಂದು ನಿರುಕ್ತಕೋಶಗಳು ಹೇಳುತ್ತವೆ. ಕತ್ತರಿಸುವುದು, ಜರಡಿ ಹಿಡಿಯುವುದು, ತೀರ್ಪು ಕೊಡುವುದು ಮೂರರಲ್ಲಿಯೂ ನಡೆಯುವ ಕೆಲಸ ಒಂದೇ: ಇದನ್ನು ಅದರಿಂದ ಬೇರೆ ಮಾಡುವುದು.

ಅಂಚು, ದಡ, ಕೊನೆ

ಕತ್ತರಿಸಿದ ಗೆರೆ ಅಂಚಾಗುವುದು ಸಹಜ. ಅಂಚು ನೀರಿನ ಪಕ್ಕದಲ್ಲಿದ್ದರೆ ಅದು ದಡ. ಕಾಲದಲ್ಲಿದ್ದರೆ ಅದು ಕೊನೆ. ದಕ್ಷಿಣ ಸ್ಲಾವಿಕ್ ಭಾಷೆಗಳು ಈ ಕೊನೆಯ ಅರ್ಥವನ್ನು ವಿಶೇಷವಾಗಿ ಬೆಳೆಸಿದವು. ಸರ್ಬಿಯನ್ನಿನ ‘ನಾ ಕ್ರಾಯು’ ಎಂದರೆ ‘ಕಡೆಗೆ, ಕೊನೆಯಲ್ಲಿ’. ‘ನಾ ಕ್ರಾಯು ಕ್ರಾಯೇವಾ’, ಅಕ್ಷರಶಃ ‘ಕೊನೆಗಳ ಕೊನೆಯಲ್ಲಿ’, ಎಂಬುದು ನಮ್ಮ ‘ಕಟ್ಟಕಡೆಗೆ’ ಎಂಬುದರ ಜಾಡಿನಲ್ಲಿಯೇ ಇದೆ. ಬಲ್ಗೇರಿಯನ್ ಮತ್ತು ಸರ್ಬಿಯನ್ ಎರಡರಲ್ಲಿಯೂ ಈ ಪದ ಅವ್ಯಯವಾಗಿಯೂ ಸವೆದಿದೆ: ‘ಕ್ರಾಯ್’ ಎಂದರೆ ‘ಹತ್ತಿರ, ಪಕ್ಕದಲ್ಲಿ’. ಕಡಲ ಪಕ್ಕ, ಹೊಳೆಯ ಪಕ್ಕ ಎನ್ನುವಾಗ ಬಳಸುವುದು ಇದನ್ನೇ.

ಅಂಚಿನಲ್ಲಿರುವವರನ್ನು ಕುರಿತು ಒಳಗಿನವರ ನೋಟ ಹೇಗಿರುತ್ತದೆ ಎಂಬುದನ್ನು ರಷ್ಯನ್ ಮತ್ತು ಉಕ್ರೇನಿಯನ್ ನುಡಿಗಳ ಒಂದು ಗಾದೆ ಹೇಳುತ್ತದೆ: ‘ನನ್ನ ಗುಡಿಸಲು ಊರಂಚಿನಲ್ಲಿದೆ.’ ನನಗೂ ಊರ ತಂಟೆಗೂ ಸಂಬಂಧವಿಲ್ಲವೆಂದು ಕೈತೊಳೆದುಕೊಳ್ಳುವವರನ್ನು ಚುಚ್ಚಲು ಈ ಗಾದೆ ಬಳಕೆಯಾಗುತ್ತದೆ. ಅಂಚೆಂದರೆ ಸಂಬಂಧ ಮುಗಿಯುವ ಜಾಗ ಎಂಬ ಎಣಿಕೆ ಇದರ ಹಿಂದಿದೆ. ಆದರೆ ಈ ಪದದ ಮುಂದಿನ ಬಾಳು ಆ ಎಣಿಕೆಗೆ ವಿರುದ್ಧವಾಗಿ ನಡೆಯಿತು.

ಅಂಚು ನಾಡಾಗುವ ಹಾದಿ

ಪೋಲಿಷ್ ಭಾಷೆಯಲ್ಲಿ ‘ಕ್ರಾಯ್’ ಎಂದರೆ ಇಂದು ದೇಶ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ನಾಜಿ ಆಕ್ರಮಣದ ವಿರುದ್ಧ ಪೋಲೆಂಡಿನೊಳಗೆ ಗುಪ್ತವಾಗಿ ರೂಪುಗೊಂಡ ಸೈನ್ಯದ ಹೆಸರು ‘ಆರ್ಮಿಯಾ ಕ್ರಾಯೋವಾ’, ಅಂದರೆ ‘ತಾಯ್ನಾಡಿನ ಸೈನ್ಯ’. ಹೊರದೇಶಗಳಲ್ಲಿ ನೆಲೆಸಿದ ಪೋಲಿಷರು ಬೇರಾವ ವಿಶೇಷಣವೂ ಇಲ್ಲದೆ ‘ಕ್ರಾಯ್’ ಎಂದರೆ ಪೋಲೆಂಡೇ. ಅಂಚೆಂಬ ಅರ್ಥಕ್ಕೆ ಇಂದಿನ ಪೋಲಿಷ್ ಸಾಮಾನ್ಯವಾಗಿ ‘ಸ್ಕ್ರಾಯ್’ ಎಂಬ ಬೇರೊಂದು ರೂಪವನ್ನು ಬಳಸುತ್ತದೆ. ಒಂದೇ ಪದ ಅಂಚನ್ನೂ ದೇಶವನ್ನೂ ಹೊರುವ ಕಷ್ಟ ಅಲ್ಲಿಗೆ ತಪ್ಪಿದೆ.

ರಷ್ಯನ್ ಎರಡನ್ನೂ ಇಟ್ಟುಕೊಂಡಿತು. ಬಹುವಚನದಲ್ಲಿ ‘ನಮ್ಮ ಕ್ರಾಯ್‌ಗಳಲ್ಲಿ’ ಎಂದರೆ ‘ನಮ್ಮ ಕಡೆ’. ಒಂದು ಪ್ರದೇಶದ ಭೂಗೋಳ, ಚರಿತ್ರೆ, ಜನಜೀವನಗಳ ಅಧ್ಯಯನಕ್ಕೆ ರಷ್ಯನ್ ಹೆಸರು ‘ಕ್ರಾಯೆವೇದೆನಿಯೆ’. ಇದರ ಎರಡನೆಯ ಭಾಗ ಸಂಸ್ಕೃತದ ‘ವಿದ್’ ಧಾತುವಿನ ಜ್ಞಾತಿ. ಕನ್ನಡದಲ್ಲಿ ಇದನ್ನು ‘ನಾಡರಿಮೆ’ ಎನ್ನಬಹುದು. ಆಡಳಿತದಲ್ಲಿಯೂ ಈ ಪದ ನಿಂತಿದೆ. ಇಂದಿನ ರಷ್ಯಾದಲ್ಲಿ ‘ಕ್ರಾಯ್’ ಎಂಬ ಹೆಸರಿನ 9 ಪ್ರಾಂತಗಳಿವೆ. ಹಿಂದೆ ಸಾಮ್ರಾಜ್ಯದ ಅಂಚಿನ ವಿಶಾಲ ಪ್ರದೇಶಗಳಿಗೆ ಸಲ್ಲುತ್ತಿದ್ದ ಈ ಹೆಸರನ್ನು 2005ರಲ್ಲಿ ಎರಡು ಘಟಕಗಳು ಸೇರಿ ಹುಟ್ಟಿದ ಪೆರ್ಮ್ ಪ್ರಾಂತಕ್ಕೂ ಇಟ್ಟರು. ಪೆರ್ಮ್ ಯಾವ ವಿದೇಶದ ಗಡಿಯಲ್ಲಿಯೂ ಇಲ್ಲ. ಆಡಳಿತದ ಮಾತಿನಲ್ಲಿ ಅಂಚಿನ ನೆನಪು ಅಳಿಸಿಹೋಗಿದೆ ಎನ್ನಲು ಇಷ್ಟು ಸಾಕು.

ಅಂಚನ್ನು ಹೇಳುವ ಪದ ಅಂಚಿನೊಳಗಿನ ನೆಲವನ್ನು ಹೇಳತೊಡಗುವುದು ಸ್ಲಾವಿಕ್‌ನ ವಿಚಿತ್ರವೇನಲ್ಲ. ಲ್ಯಾಟಿನ್ನಿನ ‘ಫಿನಿಸ್’ ಎಂದರೆ ಎಲ್ಲೆ. ಅದರ ಬಹುವಚನ ‘ಫಿನೇಸ್’ ಎಂದರೆ ಒಂದು ಜನದ ನಾಡು. ನಮಗೆ ಇನ್ನೂ ಹತ್ತಿರದ ಉದಾಹರಣೆ ‘ಸೀಮೆ’. ಸಂಸ್ಕೃತದ ‘ಸೀಮಾ’ ಎಂದರೆ ಎಲ್ಲೆ. ತಲೆಗೂದಲನ್ನು ಎರಡಾಗಿ ಬೇರ್ಪಡಿಸುವ ಬೈತಲೆಯ ಗೆರೆಗೆ ‘ಸೀಮಂತ’ವೆಂಬ ಹೆಸರು. ಬಸುರಿಯ ಸೀಮಂತಕ್ಕೂ ರಾಜ್ಯದ ಸೀಮೆಗೂ ಇರುವ ನಂಟು ಆ ಬೇರ್ಪಡಿಸುವ ಗೆರೆಯೇ. ಕನ್ನಡಕ್ಕೆ ಬಂದ ಮೇಲೆ ‘ಸೀಮೆ’ ಗೆರೆಯಾಗಿ ಮಾತ್ರ ಉಳಿಯದೆ ನೆಲವಾಯಿತು: ಬಯಲುಸೀಮೆ, ರಾಯಲಸೀಮೆ. ಅಲ್ಲಿಂದ ಮುಂದೆ ‘ಪರದೇಶ’ವೂ ಆಯಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಮರಾಠಿಯಲ್ಲಿ ಅದೇ ಸಂಸ್ಕೃತ ಪದ ‘ಶೀವ’ ಎಂದಾಗಿ ಊರ ಎಲ್ಲೆಯನ್ನು ಹೇಳಿದರೆ, ಅದರಿಂದ ಬಂದ ‘ಶಿವಾರ’ ಆ ಎಲ್ಲೆಯೊಳಗಿನ ಹೊಲಗಳನ್ನು ಹೇಳುತ್ತದೆ. ಸೊಲ್ಲಾಪುರ, ಜತ್ತ ಕಡೆಯ ಕನ್ನಡಿಗರಿಗೆ ಈ ಪದ ಮನೆಮಾತು.

ಅಚ್ಚಗನ್ನಡದ ‘ಕಡೆ’ಯ ಅರ್ಥವ್ಯಾಪ್ತಿಯಂತೂ ‘ಕ್ರಾಯ್’ ಪದದ ಅರ್ಥವ್ಯಾಪ್ತಿಯೊಡನೆ ಹೆಚ್ಚುಕಡಿಮೆ ಪೂರ್ತಿಯಾಗಿ ಹೊಂದುತ್ತದೆ. ‘ಕಡೆಗೆ’ ಎಂದರೆ ಕೊನೆಯಲ್ಲಿ. ‘ಆ ಕಡೆ’ ಎಂದರೆ ಆ ಬದಿ. ‘ಎಲ್ಲ ಕಡೆ’ ಎಂದರೆ ಎಲ್ಲ ಸ್ಥಳಗಳಲ್ಲಿ. ‘ನಮ್ಮ ಕಡೆ’ ಎಂದರೆ ನಮ್ಮ ಪ್ರದೇಶದಲ್ಲಿ. ಸಂಬಂಧವೇ ಇಲ್ಲದ ಎರಡು ಭಾಷಾಕುಟುಂಬಗಳು ಒಂದೇ ಹಾದಿಯನ್ನು ತುಳಿದಿವೆ. ಇದಕ್ಕೆ ಕಾರಣ ಎರವಲಲ್ಲ. ಮನುಷ್ಯರು ನೆಲವನ್ನು ಗುರುತಿಸುವ ರೀತಿ. ಬಯಲಿಗೆ ತನ್ನದೇ ಆದ ಆಕಾರವಿಲ್ಲ. ಅದು ಎಲ್ಲಿ ಮುಗಿಯುತ್ತದೆ ಎಂಬುದನ್ನು ತೋರಿಸಿದಾಗಲೇ ಅದು ‘ಇಂಥ ನಾಡು’ ಎನಿಸಿಕೊಳ್ಳುತ್ತದೆ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಲಕ್ಷಣೆ: ಎಲ್ಲೆಯ ಹೆಸರು ಎಲ್ಲೆಯೊಳಗಿನದಕ್ಕೆ ಸಲ್ಲುತ್ತದೆ. ಕಾಲಾಂತರದಲ್ಲಿ ಆ ಲಕ್ಷ್ಯಾರ್ಥವೇ ವಾಚ್ಯಾರ್ಥವಾಗಿ ನೆಲೆಗೊಳ್ಳುತ್ತದೆ.

‘ಕ್ರಾಯಿನಾ’: ಒಂದೇ ರೂಪ, ಮೂರು ಅರ್ಥ

‘ಕ್ರಾಯ್’ ಪದಕ್ಕೆ ‘ಇನಾ’ ಪ್ರತ್ಯಯ ಸೇರಿದಾಗ ‘ಕ್ರಾಯಿನಾ’ ಆಗುತ್ತದೆ. ಜೆಕ್ ಭಾಷೆಯಲ್ಲಿ ಇದರ ಅರ್ಥ ಕಣ್ಣಿಗೆ ಕಾಣುವ ನಿಸರ್ಗದ ಹರಹು, ಭೂದೃಶ್ಯ. ಪಕ್ಕದ ಸ್ಲೊವಾಕ್‌ನಲ್ಲಿ ಅದು ದೇಶ. ಉಕ್ರೇನಿಯನ್ ಭಾಷೆಯ ‘ಕ್ರಾಯಿನಾ’ ಕೂಡ ದೇಶವೇ. ದಕ್ಷಿಣಕ್ಕೆ ಇಳಿದು ಸರ್ಬಿಯನ್-ಕ್ರೊಯೇಷಿಯನ್ ಸೀಮೆಗೆ ಬಂದರೆ ಅದು ಗಡಿನಾಡು. ಜೆಕ್ ಮತ್ತು ಸ್ಲೊವಾಕ್ ಜನ ಒಬ್ಬರ ಮಾತನ್ನೊಬ್ಬರು ಬಹುಮಟ್ಟಿಗೆ ತಿಳಿಯಬಲ್ಲರು. ಆದರೂ ಒಬ್ಬರು ‘ಸುಂದರ ದೃಶ್ಯ’ ಎಂದದ್ದು ಇನ್ನೊಬ್ಬರಿಗೆ ‘ಸುಂದರ ದೇಶ’ವಾಗಿ ಕೇಳಿಸಬಹುದು.

ದಕ್ಷಿಣದ ಅರ್ಥಕ್ಕೆ ರಕ್ತದ ಚರಿತ್ರೆಯಿದೆ. ಆಟೋಮನ್ ತುರ್ಕರ ದಾಳಿಯನ್ನು ತಡೆಯಲು ಹ್ಯಾಬ್ಸ್‌ಬರ್ಗ್ ದೊರೆಗಳು 16ನೆಯ ಶತಮಾನದಲ್ಲಿ ತಮ್ಮ ರಾಜ್ಯದ ದಕ್ಷಿಣದ ಅಂಚಿನಲ್ಲಿ ಒಂದು ಸೈನಿಕ ವಲಯವನ್ನು ಕಟ್ಟಿದರು. ಅದರ ಹೆಸರು ‘ವೋಯ್ನಾ ಕ್ರಾಯಿನಾ’, ಅಂದರೆ ಸೈನಿಕ ಗಡಿನಾಡು. ಅಲ್ಲಿ ನೆಲೆಸಿದ ರೈತರಿಗೆ ಭೂಮಿ ಮತ್ತು ಕೆಲವು ಹಕ್ಕುಗಳು ದೊರೆತವು. ಬದಲಿಗೆ ಅವರು ಕತ್ತಿ ಹಿಡಿದು ಗಡಿ ಕಾಯಬೇಕಿತ್ತು. ಈ ವ್ಯವಸ್ಥೆ 1881ರಲ್ಲಿ ಮುಗಿದು ಆ ಪ್ರದೇಶ ಕ್ರೊಯೇಷಿಯಾ-ಸ್ಲವೋನಿಯಾದಲ್ಲಿ ವಿಲೀನವಾಯಿತು. ಗಡಿ ಹೋಯಿತು, ಹೆಸರು ಉಳಿಯಿತು. ಬೋಸ್ನಿಯಾದ ವಾಯವ್ಯಭಾಗಕ್ಕೆ ಇಂದಿಗೂ ‘ಬೋಸಾನ್ಸ್ಕಾ ಕ್ರಾಯಿನಾ’ ಎಂಬ ಹೆಸರಿದೆ. ಸರ್ಬಿಯಾದ ಪೂರ್ವದಲ್ಲಿ ‘ತಿಮೋಚ್ಕಾ ಕ್ರಾಯಿನಾ’ ಇದೆ. ಇಂಥ ಸೀಮೆಯವರು ತಮ್ಮನ್ನು ‘ಕ್ರಾಯಿಷ್ನಿಕ್’ ಎಂದು ಕರೆದುಕೊಳ್ಳುತ್ತಾರೆ. ‘ಗಡಿನಾಡಿಗ’ ಎಂಬ ಕನ್ನಡ ಪದಕ್ಕೆ ಇಷ್ಟು ನೇರವಾಗಿ ಹೊಂದುವ ಪದ ಇನ್ನೊಂದು ಭಾಷೆಯಲ್ಲಿ ಸಿಗುವುದು ಅಪರೂಪ. ಅದರಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಯುಗೊಸ್ಲಾವಿಯಾ ಒಡೆದಾಗ, 1991ರಲ್ಲಿ, ಕ್ರೊಯೇಷಿಯಾದೊಳಗಿನ ಸರ್ಬರು ಅದೇ ಹಳೆಯ ಹೆಸರಿನಲ್ಲಿ ‘ಸರ್ಬಿಯನ್ ಕ್ರಾಯಿನಾ’ ಎಂಬ ಪ್ರತ್ಯೇಕ ಗಣರಾಜ್ಯವನ್ನು ಸಾರಿದರು. ಅಲ್ಲಿನ ಕ್ರೊಯೇಷಿಯನ್ನರು ಮನೆಮಠ ಬಿಟ್ಟು ಹೋಗಬೇಕಾಯಿತು. 1995ರ ಆಗಸ್ಟ್‌ನಲ್ಲಿ ಕ್ರೊಯೇಷಿಯಾದ ಸೈನ್ಯ ಆ ಪ್ರದೇಶವನ್ನು ಮರಳಿ ಪಡೆದಾಗ ಒಂದೂವರೆ ಲಕ್ಷದಿಂದ ಎರಡು ಲಕ್ಷದಷ್ಟು ಸರ್ಬರು ಊರು ತೊರೆದರು. ಕೋಶದಲ್ಲಿ ‘ಗಡಿನಾಡು’ ಎಂಬ ಒಂದೇ ಅರ್ಥವಿರುವ ಪದ ಇಂದು ಅಲ್ಲಿ ಕೇಳುವವರಿಗೆ ತಕ್ಕಂತೆ ಬೇರೆ ಬೇರೆ ನೋವನ್ನು ನೆನಪಿಗೆ ತರುತ್ತದೆ.

ಉಕ್ರೇನ್: ಒಂದು ಹೆಸರಿನ ವಿವಾದ

ನಾವು ‘ಉಕ್ರೇನ್’ ಎನ್ನುವ ದೇಶಕ್ಕೆ ಅಲ್ಲಿನವರ ಉಚ್ಚಾರ ‘ಉಕ್ರಾಯಿನಾ’. ಅದರೊಳಗೂ ‘ಕ್ರಾಯ್’ ಇದೆ. ಈ ಪದ ಮೊದಲು ಕಾಣಿಸುವುದು ಕೀವ್‌ನ ಚರಿತ್ರಲೇಖನದಲ್ಲಿ, 1187ರ ಘಟನೆಯ ಅಡಿಯಲ್ಲಿ. ಪೆರೆಯಾಸ್ಲಾವ್‌ನ ರಾಜಕುಮಾರ ವೊಲೊದಿಮಿರ್ ತೀರಿಕೊಂಡಾಗ ‘ಉಕ್ರಾಯಿನಾ’ ಅವನಿಗಾಗಿ ಮರುಗಿತೆಂದು ಅಲ್ಲಿ ಹೇಳಿದೆ. ಪೆರೆಯಾಸ್ಲಾವ್ ಹುಲ್ಲುಗಾವಲಿನ ಅಲೆಮಾರಿ ಜನಗಳ ಎದುರಿಗೆ ನಿಂತಿದ್ದ ಸಂಸ್ಥಾನ. 16-17ನೆಯ ಶತಮಾನಗಳಲ್ಲಿ ಮಾಸ್ಕೋದ ದಾಖಲೆಗಳೂ ತಮ್ಮ ದಕ್ಷಿಣದ ಗಡಿಪಟ್ಟಣಗಳನ್ನು ಇದೇ ಪದದಿಂದ ಕರೆದವು. ಆಗ ಅದು ಅಂಕಿತನಾಮವಲ್ಲ, ರೂಢನಾಮ. ಬೋಪ್ಲಾನ್ ಎಂಬ ಫ್ರೆಂಚ್ ಎಂಜಿನಿಯರ್ 1648ರಲ್ಲಿ ಹೊರತಂದ ನಕ್ಷೆಯ ಶಿರೋನಾಮೆಯಲ್ಲಿ, ಜನ ‘ಉಕ್ರಾಯಿನಾ’ ಎನ್ನುವ ಪಾಳುಬಯಲಿನ ಚಿತ್ರಣವಿದು ಎಂಬ ವಿವರವಿತ್ತು. ಅದೇ ವರ್ಷ ಕೊಸಾಕರ ದಂಗೆ ಎದ್ದು ಅವರ ಆಳ್ವಿಕೆ ನೆಲೆಗೊಂಡಾಗ ಈ ಹೆಸರು ಆ ನೆಲಕ್ಕೆ ಅಂಟಿಕೊಂಡಿತು. 19ನೆಯ ಶತಮಾನದಲ್ಲಿ ಅದು ಒಂದು ಜನಾಂಗದ ಹೆಸರಾಗಿ ಬೆಳೆಯಿತು. 1917ರಲ್ಲಿ ಒಂದು ಗಣರಾಜ್ಯದ ಹೆಸರಾಯಿತು.

ಪದದ ಬಿಡಿಸುವಿಕೆಯಲ್ಲಿ ಎರಡು ಮತಗಳಿವೆ. ‘ಉ’ ಎಂಬ ಉಪಸರ್ಗಕ್ಕೆ ‘ಹತ್ತಿರ’ ಎಂಬ ಅರ್ಥ ಹಿಡಿದು ‘ಅಂಚಿಗೆ ಹತ್ತಿರದ ನಾಡು, ಗಡಿನಾಡು’ ಎನ್ನುವುದು ಬಹುಪಾಲು ನಿರುಕ್ತಕಾರರ ಮತ. ‘ಕತ್ತರಿಸಿ ಬೇರೆಯಾದ ನೆಲ, ಒಂದು ಜನಕ್ಕೆ ಪಾಲಾಗಿ ಬಂದ ನಾಡು’ ಎನ್ನುವುದು ಉಕ್ರೇನಿನ ಹಲವು ವಿದ್ವಾಂಸರ ಮತ. ಧಾತುವಿನ ದೃಷ್ಟಿಯಿಂದ ಎರಡೂ ಒಂದೇ ಬಾವಿಯ ನೀರು: ಮೊದಲನೆಯದು ಕತ್ತರಿಸಿದ ಗೆರೆಯನ್ನು ನೋಡುತ್ತದೆ, ಎರಡನೆಯದು ಕತ್ತರಿಸಿದ ತುಂಡನ್ನು.

ಇದು ಕೋಶಕಾರರ ಜಗಳವಾಗಿಯೇ ಉಳಿಯಲಿಲ್ಲ. ರಷ್ಯನ್ ಭಾಷೆಯಲ್ಲಿ ಸಾಮಾನ್ಯವಾಗಿ ದೇಶಗಳ ಹೆಸರಿನೊಡನೆ ‘ವ’ (ಒಳಗೆ) ಎಂಬ ಉಪಪದ ಬರುತ್ತದೆ. ಆದರೆ ಉಕ್ರೇನಿನ ಜೊತೆಗೆ ರೂಢಿಯಿಂದ ‘ನಾ’ (ಮೇಲೆ) ಬರುತ್ತಿತ್ತು. ಹೊರವಲಯವನ್ನು ಹೇಳುವ ‘ಒಕ್ರಾಯಿನಾ’ ಪದದ ಜೊತೆಗೆ ಬರುವುದೂ ಇದೇ ‘ನಾ’. ಸ್ವತಂತ್ರವಾದ ಮೇಲೆ, 1993ರಲ್ಲಿ, ಉಕ್ರೇನ್ ಸರ್ಕಾರ ತನ್ನ ದೇಶದ ಹೆಸರಿನೊಡನೆ ‘ವ’ವನ್ನೇ ಬಳಸಬೇಕೆಂದು ಕೇಳಿತು. ಒಂದು ಅಕ್ಷರದ ಅವ್ಯಯಕ್ಕಾಗಿ ಒಂದು ಸರ್ಕಾರ ಮಾತನಾಡಬೇಕಾಯಿತು; ಏಕೆಂದರೆ ‘ಒಂದು ದೇಶದಲ್ಲಿ’ ಎನ್ನುವುದೋ ‘ಒಂದು ಅಂಚಿನ ಮೇಲೆ’ ಎನ್ನುವುದೋ ಎಂಬ ಪ್ರಶ್ನೆ ಅದರಲ್ಲಿ ಅಡಗಿತ್ತು. 2021ರ ಜುಲೈಯಲ್ಲಿ ರಷ್ಯಾದ ಅಧ್ಯಕ್ಷರು ಪ್ರಕಟಿಸಿದ ದೀರ್ಘ ಲೇಖನವೊಂದು, ಎರಡೂ ಜನ ಒಂದೇ ಎಂದು ಸಾಧಿಸುವ ವಾದದ ನಡುವೆ, ಉಕ್ರೇನ್ ಎಂಬ ಹೆಸರು ಮೂಲದಲ್ಲಿ ಹೊರವಲಯವೆಂಬ ಅರ್ಥದ್ದೆಂದು ಹೇಳಿತು. ಏಳು ತಿಂಗಳಲ್ಲಿ ಯುದ್ಧ ವ್ಯಾಪಿಸಿತು. ಯುದ್ಧಕ್ಕೆ ಪದದ ವ್ಯುತ್ಪತ್ತಿ ಕಾರಣವಲ್ಲ. ಆದರೆ ವಾದದ ಸಾಮಗ್ರಿಯಾಗಿ ವ್ಯುತ್ಪತ್ತಿಯೂ ಬಳಕೆಯಾಯಿತು.

ವ್ಯುತ್ಪತ್ತಿಯ ಮಿತಿ

ಇಲ್ಲಿ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಎರಡು ಎಚ್ಚರಗಳನ್ನು ವಹಿಸಬೇಕು. ಮೊದಲನೆಯದು, ವ್ಯುತ್ಪತ್ತಿ ಎಂದರೆ ಅರ್ಥವಲ್ಲ. ಒಂದು ಪದ ಹಿಂದೆ ಏನನ್ನು ಹೇಳುತ್ತಿತ್ತು ಎಂಬುದರಿಂದ ಅದು ಇಂದು ಏನನ್ನು ಹೇಳಬೇಕು ಎಂಬುದು ತೀರ್ಮಾನವಾಗುವುದಿಲ್ಲ. ಹಾಗೆ ತೀರ್ಮಾನಿಸುವುದಾದರೆ ಪೋಲೆಂಡಿನವರು ತಮ್ಮ ದೇಶವನ್ನು ಅಂಚೆಂದೂ, ರಾಯಲಸೀಮೆಯವರು ತಮ್ಮ ನಾಡನ್ನು ಬರಿಯ ಗೆರೆಯೆಂದೂ ಒಪ್ಪಬೇಕಾದೀತು. ಅರ್ಥವನ್ನು ಕೊಡುವವರು ಆ ಪದವನ್ನು ಬಳಸಿ ಬದುಕುವ ಜನ.

ಎರಡನೆಯದು, ಧ್ವನಿಸಾಮ್ಯ ಸಂಬಂಧವಲ್ಲ. ಕನ್ನಡದ ‘ಕರೆ’ ಎಂದರೆ ದಡ, ಬಟ್ಟೆಯ ಅಂಚು: ಹೊಳೆಯ ಕರೆ, ಸೀರೆಯ ಕರೆ. ಕಾಸರಗೋಡಿನ ವಿದ್ಯಾರ್ಥಿಗಳು ಬಲ್ಲ ಮಲಯಾಳದ ‘ಕರ’ ದಡವೂ ಹೌದು, ನೆಲವೂ ಹೌದು, ಊರಿನ ಒಂದು ಭಾಗವೂ ಹೌದು. ದನಿಯಲ್ಲಿ ‘ಕ್ರಾಯ್’ಗೆ ಹತ್ತಿರ, ಅರ್ಥದಲ್ಲಿ ಇನ್ನೂ ಹತ್ತಿರ. ಆದರೂ ಇವು ದ್ರಾವಿಡ ಪದಗಳು. ತಮಿಳಿನ ‘ಕರೈ’ ಇವುಗಳ ಒಡಹುಟ್ಟು. ಕತ್ತರಿಸುವ ಸ್ಲಾವಿಕ್ ಧಾತುವಿನೊಡನೆ ಇವುಗಳಿಗೆ ನಂಟಿಲ್ಲ. ಹಾಗೆಯೇ ‘ಕಡಿ’ ಮತ್ತು ‘ಕಡೆ’ಗಳನ್ನು ಒಂದೇ ಬೇರಿಗೆ ಕಟ್ಟುವ ಆಸೆ ಹುಟ್ಟಬಹುದು, ದ್ರಾವಿಡ ನಿರುಕ್ತಕೋಶ ಅವನ್ನು ಬೇರೆ ಬೇರೆ ಮೂಲಗಳಾಗಿಯೇ ಇರಿಸಿದೆ. ಜ್ಞಾತಿಪದಗಳೆಂದು ಹೇಳಲು ಕ್ರಮಬದ್ಧವಾದ ಧ್ವನಿಸಂವಾದ ಬೇಕು. ಅರ್ಥದ ಹೋಲಿಕೆ ಮನುಷ್ಯಸ್ವಭಾವದಿಂದಲೂ ಬರಬಹುದು.

ಎಲ್ಲಿ ನಿಂತು ನೋಡುವುದು

ಸ್ಲಾವಿಕ್ ನುಡಿ ಮೊದಲಬಾರಿಗೆ ಬರಹಕ್ಕೆ ಇಳಿದ 9ನೆಯ ಶತಮಾನದಲ್ಲಿಯೇ ಕನ್ನಡದ ‘ಕವಿರಾಜಮಾರ್ಗ’ ರಚಿತವಾಯಿತು. ಕನ್ನಡ ನಾಡನ್ನು ಹೇಳಲು ಆ ಕೃತಿ ಹಿಡಿದ ಕ್ರಮವೂ ಅಂಚಿನದೇ: ಒಂದು ತುದಿಯಲ್ಲಿ ಕಾವೇರಿ, ಇನ್ನೊಂದು ತುದಿಯಲ್ಲಿ ಗೋದಾವರಿ. ಅದಾದ ಮೇಲೆ ತಿರುಳ್ಗನ್ನಡದ ಊರುಗಳಾದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ಮಾತು. ಮೊದಲು ಎಲ್ಲೆ, ಆಮೇಲೆ ತಿರುಳು. ಎಲ್ಲೆಯಿಲ್ಲದೆ ತಿರುಳನ್ನು ಗುರುತಿಸುವುದು ಅಂದಿಗೂ ಸಾಧ್ಯವಿರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳನ್ನು ಹೊಸದಾಗಿ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು; ಬೇರೆ ದಿಕ್ಕುಗಳಲ್ಲಿಯೂ ಕನ್ನಡದ ಊರುಗಳು ಗೆರೆಯ ಆಚೆಗೆ ಉಳಿದವು. ರಾಜಧಾನಿಯಿಂದ ನೋಡುವವರಿಗೆ ಅಂಥ ಊರು ‘ಗಡಿ’, ಅಂದರೆ ನಾಡು ಮುಗಿಯುವ ಜಾಗ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಅದು ‘ನಾಡು’, ಎಲ್ಲವೂ ಮೊದಲಾಗುವ ಜಾಗ. ‘ಗಡಿನಾಡು’ ಎಂಬ ಸಮಾಸ ಈ ಎರಡು ನೋಟಗಳನ್ನೂ ಅಕ್ಕಪಕ್ಕದಲ್ಲಿ ಇರಿಸಿಕೊಂಡಿದೆ. ‘ಕ್ರಾಯ್’ ಎಂಬ ಏಕಾಕ್ಷರ ಪದ ಒಂದು ಸಾವಿರ ವರ್ಷದಲ್ಲಿ ಹತ್ತಾರು ಭಾಷೆಗಳಲ್ಲಿ ಮಾಡಿದ ಕೆಲಸವೂ ಅದೇ.

ಕಿರುಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸ ಕಾದಿದೆ. ತಾಳವಾಡಿಯಲ್ಲಿ, ಮಡಕಶಿರದಲ್ಲಿ, ಅಕ್ಕಲಕೋಟೆಯಲ್ಲಿ, ಮಂಜೇಶ್ವರದಲ್ಲಿ ಕನ್ನಡ ಮಾತನಾಡುವ ಹಿರಿಯರು ಎಲ್ಲೆ, ಗಡಿ, ಸೀಮೆ, ಕಡೆ, ಕರೆ, ಬದು, ಅಂಚು, ಶಿವಾರ, ಸರಹದ್ದು ಎಂಬ ಪದಗಳಲ್ಲಿ ಯಾವುದನ್ನು ಎಲ್ಲಿ ಬಳಸುತ್ತಾರೆ? ಯಾವುದು ಇನ್ನೂ ಗೆರೆಯಾಗಿಯೇ ಉಳಿದಿದೆ, ಯಾವುದು ನೆಲವಾಗಿದೆ? ‘ನಮ್ಮ ಕಡೆ’ ಎಂದಾಗ ಅವರ ಮನಸ್ಸಿನಲ್ಲಿರುವ ಪ್ರದೇಶ ರಾಜ್ಯದ ಗೆರೆಯಲ್ಲಿ ನಿಲ್ಲುತ್ತದೆಯೋ, ಅದನ್ನು ದಾಟಿ ಹೋಗುತ್ತದೆಯೋ? ನಕ್ಷೆಯಲ್ಲಿ ಸಿಗದ ಈ ಉತ್ತರಗಳನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.